ಎಡರೆಕ್ಕೆಯ ನಲವತ್ತೆರಡು ಹಲ್ಲುಗಳು

ಕಾಲುವೆ ನಮ್ಮ ರನ್‌ವೇಯನ್ನು ನಡುಮಧ್ಯಕ್ಕೆ ಕತ್ತರಿಸಿಕೊಂಡು ಹೋಗಿತ್ತು. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ, ಎರೆಹೊಲಗಳ ನಡುವೆ, ಗರಸು ಹಾಕಿ ರೋಲರ್ ಉರುಳಿಸಿ ಮಾಡಿದ ಎಂಟುನೂರು ಮೀಟರಿನ ಪಟ್ಟಿ ಅದು. ಹತ್ತಿಗೆ ಔಷಧ ಸಿಂಪಡಿಸುವ ನಮ್ಮ ಕಂಪನಿಯ ಒಂದೇ ಸೀಟಿನ ವಿಮಾನ ಎರಡು ಹಂಗಾಮು ಅಲ್ಲಿಂದಲೇ ಹಾರಿತ್ತು. ಮೂರನೆಯ ಹಂಗಾಮಿಗೆ ಬಂದು ನೋಡಿದರೆ ನಾನೂರ ಮೂವತ್ತು ಮೀಟರಿಗೆ ಒಂದು ಹೊಸ ಉಪಕಾಲುವೆ, ಅದರ ಈಚೆ ಎದೆಮಟ್ಟದ ಮಣ್ಣಿನ ಏರಿ. ಇನ್ನೊಂದು ತುದಿಯಲ್ಲಿ ರಸ್ತೆ, ರಸ್ತೆಯ ಪಕ್ಕ ಕರೆಂಟಿನ ತಂತಿ. ನೀರು ಬಂತೆಂದು ಜನ ಹತ್ತಿ ಹಾಕಿದ್ದರು, ಹತ್ತಿ ಹಾಕಿದರೆಂದು ನಮ್ಮನ್ನು ಕರೆಸಿದ್ದರು, ಆ ನೀರೇ ಈಗ ನಮಗೆ ಅಡ್ಡ ಮಲಗಿತ್ತು. ಯಾರನ್ನು ಬೈಯುವುದು?

ಔಷಧದ ಟ್ಯಾಂಕು ಪೂರ್ತಿ ತುಂಬಿದರೆ ವಿಮಾನ ನೆಲ ಬಿಡಲಿಕ್ಕೇ ನಾನೂರು ಮೀಟರ್ ಬೇಕು. ಆಮೇಲೆ ಏರಿ ದಾಟುವಷ್ಟು ಎತ್ತರ ಬೇರೆ. ಹಾಗಾಗಿ ಮೊದಲ ವಾರ ಅರ್ಧ ಟ್ಯಾಂಕಿನಲ್ಲೇ ಹಾರಿಸಿದೆವು. ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ದಿನಾ ಬೆಳಿಗ್ಗೆ ಮೋಟರ್‌ಸೈಕಲ್ಲಿನ ಮೇಲೆ ಬಂದು ನಮ್ಮ ಮುಖ ನೋಡಿ ಹೋಗುತ್ತಿದ್ದರು.

“ಅರ್ಧ ಟ್ಯಾಂಕ್ ಒಯ್ದು ಎಷ್ಟ್ ಹೊಲ ಮುಟ್ಟಸ್ತೀರಿ? ಕಾಯಿಕೊರಕ ಹುಳ ನಿಮ್ಮ ದಾರಿ ಕಾಯ್ಕೋತ ಕುಂತದೇನ್ರಿ?” ಅನ್ನುತ್ತಿದ್ದರು.

ಕೊನೆಗೆ ಹೆಡ್ಡಾಫೀಸಿನಿಂದ ನಕ್ಷೆಗಳು ಬಂದವು. ಕಡಿಮೆ ಓಟದಲ್ಲಿ ಏಳುವಂತೆ, ಕಡಿಮೆ ಜಾಗದಲ್ಲಿ ಇಳಿಯುವಂತೆ ಈ ವಿಮಾನವನ್ನು ಬದಲಾಯಿಸಬೇಕು. ಪರೀಕ್ಷೆಗೆ ಮಾತ್ರ ಅಂತ ಹದಿನೈದು ದಿನದ ಪರವಾನಗಿಯೂ ಬಂತು. ಪ್ರತಿ ಹಂತವನ್ನೂ ಅಳೆದು, ನೋಡಿ, ಹಾಳೆಯ ಮೇಲೆ ಸಹಿ ಹಾಕಬೇಕಾದವನು ನಾನು, ವಿಮಾನದ ದುರಸ್ತಿ ಇಂಜಿನಿಯರ್. ನನಗೆ ಮೊದಲೇ ಚಿಂತೆಯ ಸ್ವಭಾವ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಬಂದು ಜಗ್ಗಿ ನೋಡುವವ. ಇಂಥವನಿಗೆ ಈ ಕೆಲಸ ಒಪ್ಪಿಸಿದ್ದು ಒಳ್ಳೆಯದೇ ಆಯಿತು ಅಂತ ಆಗ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಮಾಡಬೇಕಾದದ್ದು ಮೂರು. ಗರಸಿನ ಮೇಲೆ ಹಗುರಾಗಿ ಉರುಳುವ ದಪ್ಪ ಟೈರು ಹಾಕುವುದು. ಪ್ರೊಪೆಲ್ಲರಿನ ಅಲಗುಗಳ ಓರೆಯನ್ನು ಕಡಿಮೆ ಮಾಡಿಸುವುದು. ಮೇಲೆ ಹೋದಾಗ ವೇಗ ಸ್ವಲ್ಪ ಸಾಯುತ್ತದೆ, ಆದರೆ ಓಡುವಾಗ ಎಳೆತ ಜಾಸ್ತಿ. ಮೂರನೆಯದು, ರೆಕ್ಕೆಯ ಬೆನ್ನಿನ ಮೇಲೆ, ಮುಂದಿನ ಅಂಚಿನಿಂದ ಸ್ವಲ್ಪ ಹಿಂದೆ, ಉದ್ದಕ್ಕೂ ಸಣ್ಣ ಸಣ್ಣ ಅಲ್ಯೂಮಿನಿಯಂ ತಗಡು ಅಂಟಿಸುವುದು. ಒಂದೊಂದೂ ಹೆಬ್ಬೆರಳ ಉಗುರಿನಷ್ಟು. ಎರಡೆರಡರ ಜೋಡಿ, ಒಂದು ಆ ಕಡೆ ಓರೆ, ಇನ್ನೊಂದು ಈ ಕಡೆ ಓರೆ. ವೇಗ ಕಡಿಮೆಯಾಗಿ ಮೂತಿ ಮೇಲಾದಾಗ ಗಾಳಿ ರೆಕ್ಕೆಯನ್ನು ಬಿಟ್ಟು ಹೋಗುತ್ತದೆ, ಆಗ ವಿಮಾನ ಕಲ್ಲಿನಂತೆ ಬೀಳುತ್ತದೆ. ಈ ತಗಡುಗಳು ಗಾಳಿಯನ್ನು ಸುಳಿ ಸುತ್ತಿಸಿ ರೆಕ್ಕೆಗೆ ಇನ್ನಷ್ಟು ಹೊತ್ತು ಅಂಟಿಸಿ ಹಿಡಿಯುತ್ತವೆ. ರೆಕ್ಕೆಗೆ ನಲವತ್ತೆರಡರಂತೆ ಎಂಬತ್ತನಾಲ್ಕು.

ನಮ್ಮ ಪೈಲಟ್ ಸಾಹೇಬರು ಸುರಪುರದಲ್ಲೇ ಹುಟ್ಟಿದವರು. ಮನೆಯಲ್ಲಿ ದಖನಿ, ಹೊರಗೆ ನಮ್ಮದೇ ಕನ್ನಡ. ಐವತ್ತು ದಾಟಿತ್ತು. ನಕ್ಷೆ ನೋಡಿ, “ವಿಮಾನಕ್ಕ ಹಲ್ಲು ಹಚ್ಚಾಕತ್ತೀರಿ ಇಂಜಿನಿಯರ್ ಸಾಬ್. ನನಗ ಕಚ್ಚದಂಗ ನೋಡ್ಕೋರಿ,” ಅಂದರು. ಅಂದಿನಿಂದ ಅವುಗಳ ಹೆಸರು ಹಲ್ಲು.

ಹಲ್ಲು ಕತ್ತರಿಸಿ ಮಡಚಲಿಕ್ಕೆ ಸುರಪುರದಿಂದ ಒಬ್ಬ ಕಂಬಾರನನ್ನು ಕರೆಸಿದೆ. ಕುಡುಗೋಲು, ಕುರ್ಪಿ ಮಾಡುವವನು, ಕೈ ಬಲು ಸೂಕ್ಷ್ಮ ಅಂತ ಹೆಸರಿತ್ತು. ಜೊತೆಗೆ ಹೆಂಡತಿಯೂ ಬಂದಳು. ಅವರ ಕಸುಬೇ ಹಾಗೆ, ಒಬ್ಬರು ಇಕ್ಕಳ ಹಿಡಿದರೆ ಇನ್ನೊಬ್ಬರು ಸುತ್ತಿಗೆ ಹೊಡೆಯುವುದು. ಅವನ ಬೆರಳುಗಳು ದಪ್ಪ, ಮಾತು ಕಡಿಮೆ. ಆಕೆಯ ಬೆರಳು ಸಣ್ಣ, ಕಣ್ಣು ಚುರುಕು. ಎರಡೇ ದಿನದಲ್ಲಿ ಎಂಬತ್ತನಾಲ್ಕು ಹಲ್ಲು ತಯಾರಾದವು, ಒಂದಕ್ಕೊಂದು ಅಚ್ಚೊತ್ತಿದ ಹಾಗೆ.

ಅಂಟಿಸಲು ನಾನೊಂದು ತಗಡಿನ ಅಚ್ಚು ಮಾಡಿಕೊಟ್ಟೆ. ಅದಕ್ಕೆ ಮುಂದೆ ಒಂದು ಕೊಕ್ಕೆ. ಆ ಕೊಕ್ಕೆ ರೆಕ್ಕೆಯ ಮುಂದಿನ ಅಂಚಿಗೆ ಸಿಕ್ಕಿಕೊಂಡರೆ ಹಲ್ಲು ಸರಿಯಾಗಿ ನಾಲ್ಕೂಕಾಲು ಇಂಚು ಹಿಂದೆ ಕೂರುತ್ತದೆ. ಅಚ್ಚಿನಲ್ಲಿ ಎರಡು ಓರೆ ಸೀಳು. ಅವುಗಳಿಂದ ಜೋಡಿಯ ಓರೆ, ನಡುವಿನ ಅಂತರ ಎರಡೂ ತಪ್ಪುವುದಿಲ್ಲ. ಮೊದಲ ಎರಡು ಹಲ್ಲು ನಾನೇ ಅಂಟಿಸಿ ತೋರಿಸಿದೆ. ಎರಡು ಡಬ್ಬಿಯ ಅಂಟು, ಸರಿಪಾಲು ಕಲಸಬೇಕು, ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ. ಅಷ್ಟು ಹೇಳಿ, ಓರೆ ತಿದ್ದಿಸಲು ಕಳಿಸಿದ್ದ ಪ್ರೊಪೆಲ್ಲರ್ ರೈಲಿಗೆ ಬಂದಿದೆ ಅಂತ ಸುದ್ದಿ ಬಂದದ್ದರಿಂದ, ಬಾಡಿಗೆ ಜೀಪು ಮಾಡಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋದೆ. ಪಾರ್ಸೆಲ್ ಆಫೀಸಿನಲ್ಲಿ ಕಾಗದ ಪತ್ರ ಮುಗಿಸಿ ಮರಳುವ ಹೊತ್ತಿಗೆ ಸಂಜೆಯಾಗಿತ್ತು.

ಎಡರೆಕ್ಕೆ ಮುಗಿದಿತ್ತು. ಎಂಥ ಸಾಲು! ದಾರ ಹಿಡಿದು ನೋಡಿದರೂ ಒಂದು ಕೂದಲೆಳೆ ಆಚೀಚೆ ಇಲ್ಲ. ಕೋನ ಅಳೆದೆ, ಸರಿ. ಜೋಡಿಗಳ ನಡುವಿನ ಅಂತರ ಅಳೆದೆ, ಸರಿ. ಹಾಳೆಯಲ್ಲಿ ಮೂರನೆಯ ಸಾಲು, ‘ಮುಂದಿನ ಅಂಚಿನಿಂದ ದೂರ: ಅಳೆದು ನೋಡಲಾಗಿದೆ.’ ಅದನ್ನು ಕೊಕ್ಕೆಯೇ ನೋಡಿಕೊಂಡಿರುತ್ತದಲ್ಲ ಅಂದುಕೊಂಡು ಸಹಿ ಹಾಕಿದೆ. ಬೀಗವನ್ನು ಎರಡು ಸಲ ಜಗ್ಗುವ ನಾನು ಅದೊಂದನ್ನು ಅಳೆಯಲಿಲ್ಲ.

ಮರುದಿನ ಅಮಾಸೆ. ಆ ದಿನ ಕಂಬಾರರು ಸುತ್ತಿಗೆ, ಇಕ್ಕಳ, ಯಾವ ಹತ್ಯಾರವನ್ನೂ ಮುಟ್ಟುವುದಿಲ್ಲ. ಗಂಡ ಹೆಂಡತಿ ತಿಂಥಣಿಗೆ ಹೋಗಿ ಮೌನೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದರು. ಪರವಾನಗಿಯ ಹದಿನೈದು ದಿನದಲ್ಲಿ ಒಂದು ದಿನ ಹೋಯಿತಲ್ಲ ಅಂತ ನಾನು ಒಳಗೊಳಗೇ ಕುದ್ದೆ. ಅದರ ಮರುದಿನ ನೋಡಿದರೆ ಕಂಬಾರನ ಕೈ ಅಂಟಿನ ರಸಾಯನಕ್ಕೆ ಬಾತುಕೊಂಡಿದೆ, ಬೆರಳು ಮಡಚಲು ಬರುತ್ತಿಲ್ಲ. “ಬಲರೆಕ್ಕಿ ಇಕಿ ಹಚ್ತಾಳ್ರಿ, ನನಗಿಂತ ಛಲೋ ಹಚ್ತಾಳ,” ಅಂದ. ನನಗೆ ಮನಸ್ಸಿರಲಿಲ್ಲ. ಆದರೆ ದಿನ ಓಡುತ್ತಿದ್ದವು. ಆಕೆ ಹಚ್ಚಿದಳು, ನಾನು ಟೈರು, ಪ್ರೊಪೆಲ್ಲರಿನ ಕೆಲಸದಲ್ಲಿ ಮುಳುಗಿದ್ದೆ. ಸಂಜೆ ಕೋನ, ಅಂತರ ಎರಡನ್ನೂ ಅಳೆದು ಎರಡನೆಯ ಹಾಳೆಗೂ ಹಾಗೆಯೇ ಸಹಿ ಹಾಕಿದೆ.

ಅಂಟು ಗಟ್ಟಿಯಾದ ಮೇಲೆ ಖಾಲಿ ಟ್ಯಾಂಕಿನಲ್ಲಿ ಮೊದಲ ಪರೀಕ್ಷೆ. ಸಾಹೇಬರು ಮೂರು ಸಾವಿರ ಅಡಿ ಮೇಲೆ ಹೋಗಿ, ಇಂಜಿನ್ ತಗ್ಗಿಸಿ, ಮೂತಿ ಎತ್ತಿ ಹಿಡಿದು, ರೆಕ್ಕೆ ಯಾವ ವೇಗದಲ್ಲಿ ಕೈಬಿಡುತ್ತದೆ ಅಂತ ನೋಡಬೇಕು. ಕೆಳಗೆ ನಿಂತ ನನಗೆ ಅದೊಂದು ಚುಕ್ಕಿ. ಚುಕ್ಕಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಒಮ್ಮೆಲೇ ಎಡಕ್ಕೆ ವಾಲಿ ಕೆಳಗಿಳಿಯಿತು. ವಿಮಾನ ಸಾವರಿಸಿಕೊಂಡಿತು. ಮತ್ತೆ ಮೇಲೇರಿ ಮತ್ತೆ ಮಾಡಿದರು, ಮತ್ತೆ ಎಡಕ್ಕೇ ಬಿತ್ತು. ಮೂರು ಸಲ.

ಇಳಿದು ಬಂದು ಹೆಲ್ಮೆಟ್ ತೆಗೆದರು. “ಮೊದಲ ತಾಸಿಗೆ ಅರವತ್ತು ಮೈಲಿಗೆ ಕೈಬಿಡ್ತಿತ್ತು, ಈಗ ಐವತ್ನಾಕಕ್ಕ. ಫಾಯಿದೆ ಅದ. ಆದ್ರ ಎಡಗಡಿ ರೆಕ್ಕಿ ಮೊದಲ ಬೀಳ್ತದ.”

“ಎಷ್ಟು ಇಳೀತದ್ರಿ?”

“ಇನ್ನೂರು ಅಡಿ. ನನಗ ಗೊತ್ತಾಗ್ಯಾದಲ್ಲ, ಬೀಳೋಕಿಂತ ಮೊದಲ ಬಲಗಾಲು ಒತ್ತಿ ಹಿಡೀತೇನಿ. ಹೆದರಬ್ಯಾಡ್ರಿ.”

ಹೆದರದೆ ಏನು ಮಾಡಲಿ? ಏರಿ ದಾಟುವಾಗ ವಿಮಾನದ ಕೆಳಗೆ ಇರುವುದು ಹತ್ತಡಿ. ಇನ್ನೂರು ಅಡಿ ಇಳಿಯಲು ಅಲ್ಲಿ ಜಾಗ ಎಲ್ಲಿದೆ? ಕಾಲಲ್ಲಿ ಒತ್ತುವ ರಡ್ಡರಿನಿಂದ ಬೀಳುವ ರೆಕ್ಕೆಯನ್ನು ಎತ್ತಿ ಹಿಡಿಯುವುದು ಅವರಂಥ ಕೈ ಪಳಗಿದವರಿಗೆ ಸಾಧ್ಯವೇ. ಆದರೆ ಪೂರ್ತಿ ಭಾರ ಹೊತ್ತಾಗ, ಗಾಳಿ ಸ್ವಲ್ಪ ಅಡ್ಡ ಬೀಸಿದಾಗ?

ಎರಡು ದಿನ ಹುಡುಕಿದೆ. ರೆಕ್ಕೆಗಳ ಹಿಂಬದಿಯ ಫ್ಲ್ಯಾಪ್ ಎರಡೂ ಕಡೆ ಒಂದೇ ಕೋನಕ್ಕೆ ಇಳಿಯುತ್ತವೆಯೇ ನೋಡಿದೆ. ಕೇಬಲ್‌ಗಳ ಬಿಗಿ ಅಳೆದೆ. ಎರಡೂ ರೆಕ್ಕೆಯ ಟ್ಯಾಂಕಿನ ಪೆಟ್ರೋಲ್ ಇಳಿಸಿ ಸರಿಪಾಲು ತುಂಬಿಸಿದೆ. ಟೈರಿನ ಗಾಳಿಯನ್ನೂ ಬಿಡಲಿಲ್ಲ, ಮೇಲೆ ಹಾರುವಾಗ ಟೈರಿಗೂ ಇದಕ್ಕೂ ಏನು ಸಂಬಂಧ ಅಂತ ನನಗೇ ಗೊತ್ತಿರಲಿಲ್ಲ. ಎಲ್ಲಾ ಸರಿ. ಅಧಿಕಾರಿಗಳು ಬಂದು, “ನಾಡದಾದ್ರೂ ಫುಲ್ ಟ್ಯಾಂಕ್ ಒಯ್ತೀರೇನ್ರಿ?” ಅಂದಾಗ ಸಾಹೇಬರು ನನ್ನನ್ನು ಕೇಳದೇ “ಒಯ್ತೇವಿ” ಅಂದುಬಿಟ್ಟರು.

ಆಗ ನನ್ನ ತಲೆಗೆ ಹೊಳೆದದ್ದು ಆ ಹೆಣ್ಣುಮಗಳ ರೆಕ್ಕೆ. ಕಂಬಾರ ಹಚ್ಚಿದ್ದು ಒಂದು, ಆಕೆ ಹಚ್ಚಿದ್ದು ಒಂದು. ಎರಡರಲ್ಲಿ ವ್ಯತ್ಯಾಸವಿದ್ದರೆ ಕೆಟ್ಟದ್ದು ಆಕೆಯದೇ ಇರಬೇಕು. ಬೀಳುತ್ತಿರುವುದು ಎಡರೆಕ್ಕೆ ಅನ್ನುವುದನ್ನೂ ನನ್ನ ತಲೆ ತನಗೆ ಬೇಕಾದಂತೆ ತಿರುಗಿಸಿಕೊಂಡಿತು: ಬಲಗಡೆಯದು ಏನೋ ಹೆಚ್ಚುಕಮ್ಮಿಯಾಗಿ ಜಾಸ್ತಿ ಎತ್ತುತ್ತಿದೆ, ಅದಕ್ಕೇ ಎಡ ಬೀಳುತ್ತಿದೆ. ಬೆಳಿಗ್ಗೆಯೇ ಅವರಿಬ್ಬರನ್ನೂ ಕರೆಸಿ, “ಬಲರೆಕ್ಕಿ ಹಲ್ಲೆಲ್ಲಾ ಕಿತ್ತು ಹೊಸದಾಗಿ ಹಚ್ಚಬೇಕು,” ಅಂದೆ.

ಕಂಬಾರ ನೆಲ ನೋಡಿದ. ಆಕೆ ನನ್ನನ್ನೇ ನೋಡಿದಳು. ಅಷ್ಟು ದಿನ ಸಾಹೇಬ್ರ ಅನ್ನುತ್ತಿದ್ದವಳು ಅವತ್ತು ಹಾಗೆ ಅನ್ನಲಿಲ್ಲ.

“ತಮ್ಮಾ, ನನ್ನ ಕಡೀ ರೆಕ್ಕಿ ಕೆಟ್ಟದ ಅಂತೀದಿ. ಅಳದು ನೋಡೀಯೇನು?”

ಸ್ಟೀಲ್ ಸ್ಕೇಲು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು, ಆಕೆಯ ಎದುರೇ, ಬಲರೆಕ್ಕೆಯ ಅಂಚಿಗೆ ಹಚ್ಚಿದೆ. ನಾಲ್ಕೂಕಾಲು. ನಡುವೆ ನೋಡಿದೆ, ನಾಲ್ಕೂಕಾಲು. ತುದಿಯಲ್ಲೂ ಅಷ್ಟೇ. ವಿಮಾನದ ಮೂತಿಯನ್ನು ಸುತ್ತುಹಾಕಿ ಎಡಗಡೆಗೆ ಹೋದೆ. ನಾನೇ ಅಂಟಿಸಿದ ಮೊದಲ ಎರಡು ಹಲ್ಲೂ ನಾನಿಟ್ಟ ಜಾಗದಲ್ಲಿರಲಿಲ್ಲ, ಸಾಲಿಗೆ ಸರಿದಿದ್ದವು. ಎಲ್ಲವೂ ಐದು ಇಂಚು, ಮೇಲೊಂದು ನೂಲು, ಅಂದರೆ ಸುಮಾರು ಮುಕ್ಕಾಲು ಇಂಚು ಹೆಚ್ಚು.

“ಕೊಕ್ಕಿ ಎಲ್ಲದ?” ಅಂತ ಕೇಳಿದೆ.

ಕಂಬಾರ ತನ್ನ ಚೀಲದಿಂದ ತೆಗೆದು ಕೊಟ್ಟ. ನಾನು ಯಾದಗಿರಿಗೆ ಹೋದ ದಿನ, ಮೂರನೆಯ ಹಲ್ಲು ಹಚ್ಚುವಾಗಲೇ ಅಂಟು ಹರಿದು ಕೊಕ್ಕೆ ರೆಕ್ಕೆಗೆ ಅಂಟಿಕೊಂಡಿತ್ತು, ಕೀಳುವಾಗ ಮುರಿದಿತ್ತು, ಆ ಜಗ್ಗಾಟದಲ್ಲಿ ನಾನು ಅಂಟಿಸಿದ್ದ ಎರಡು ಹಲ್ಲೂ ಜಾಗ ಬಿಟ್ಟು ಕಿತ್ತುಬಂದಿದ್ದವು. ಅಚ್ಚಿನ ಸೀಳುಗಳು ಗಟ್ಟಿಯಾಗಿಯೇ ಇದ್ದವು. ದೂರ ಎಷ್ಟಿತ್ತು ಅಂತ ಹೆಂಡತಿಯನ್ನು ಕೇಳಿದ್ದ. ಬೆಳಿಗ್ಗೆ ಅಚ್ಚು ಕೈಯಲ್ಲಿ ಹಿಡಿದು ನೋಡಿದ್ದವಳು ಆಕೆ. “ಆರು ಬಟ್ಟು,” ಅಂದಿದ್ದಳು. ಅವನು ತನ್ನ ಬೆರಳು ಸೇರಿಸಿ ಆರು ಬೆರಳ ಅಗಲ ಅಳೆದು, ಎರಡು ತುದಿಗೆ ಗುರುತು ಮಾಡಿ, ದಾರ ಕಟ್ಟಿ ಸಾಲು ಹಿಡಿದಿದ್ದ. ಆಕೆ ಬಲಗಡೆ ತನ್ನ ಆರು ಬೆರಳು ಇಟ್ಟಿದ್ದಳು. ಊರಲ್ಲಿ ಇಬ್ಬರೂ ಒಂದೇ ಕುಡುಗೋಲಿಗೆ ಬೇರೆ ಬೇರೆ ಅಳತೆ ಹಿಡಿಯುವ ಪ್ರಸಂಗವೇ ಬರುವುದಿಲ್ಲ, ಒಂದು ಹತ್ಯಾರದ ಅಳತೆ ಒಂದೇ ಕೈಯಲ್ಲಿ ಮುಗಿಯುತ್ತದೆ. ಒಂದು ಹತ್ಯಾರಕ್ಕೆ ಎರಡು ರೆಕ್ಕೆ ಇದ್ದದ್ದು ಇದೇ ಮೊದಲು.

“ಸ್ಕೇಲ್ ಕೇಳಬೇಕಿತ್ತಲ್ಲೋ,” ಅಂದೆ.

“ಗಿರಾಕಿ ಮುಂದ ಅಳತಿ ಕೇಳಿದ್ರ ಕಂಬಾರನ ಮರ್ಯಾದಿ ಏನ್ ಉಳೀತದ್ರಿ,” ಅಂದ ಅವನು. ಮುಖ ಸಣ್ಣದಾಗಿತ್ತು. “ನೀವು ನೋಡಿ ಸಹಿ ಹಾಕಿದ್ರಿ. ಸರಿ ಅದ ಅನ್ಕೊಂಡೆ.”

ಅವನು ಬೆರಳಿನಿಂದ ಅಳೆದಿದ್ದ, ನಾನು ಅಳೆದೇ ಇರಲಿಲ್ಲ. ಅಳೆದು ನೋಡಲಾಗಿದೆ ಅಂತ ಎರಡು ಹಾಳೆಯ ಮೇಲೆ ನನ್ನ ಸಹಿ ಇತ್ತು.

ಆ ಮಧ್ಯಾಹ್ನ ರೆಕ್ಕೆಯ ನೆರಳಿನಲ್ಲಿ ಕೂತು ಯೋಚಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಎಡಗಡೆಯ ಹಲ್ಲು ಕಿತ್ತು, ಸರಿಯಾದ ಜಾಗಕ್ಕೆ ಹಚ್ಚಿದರೆ ಆಯಿತು. ಅಂಟು ಸರಿ ಕೂತಿರಲಿಲ್ಲ ಅಂದರೆ ಸಾಹೇಬರು ನಂಬುತ್ತಾರೆ. ಗಂಡ ಹೆಂಡತಿ ಯಾರಿಗೆ ಹೇಳುತ್ತಾರೆ? ಹೇಳಿದರೆ ನನ್ನ ಲೈಸೆನ್ಸ್ ಹೋಗುತ್ತದೆ. ಇನ್ನೇನು ಎದ್ದು ಕೆಲಸ ಶುರು ಮಾಡಬೇಕು, ಅಷ್ಟರಲ್ಲಿ ಸಾಹೇಬರು ಕಾಕ್‌ಪಿಟ್ಟಿನಲ್ಲಿ ಕೂತಿರುವುದು ಕಂಡಿತು. ಇಂಜಿನ್ ಬಂದ್ ಇತ್ತು. ಕಣ್ಣು ಮುಚ್ಚಿಕೊಂಡು ಬಲಗಾಲು ಒತ್ತುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ಕಾಲಿಗೆ ರೂಢಿ ಮಾಡಿಸುತ್ತಿದ್ದರು.

ನಾನು ನಿಜವಾದ ಕಾರಣ ಹೇಳದೆ ರೆಕ್ಕೆ ಸರಿ ಮಾಡಿದರೆ, ಅದು ಇನ್ನೂ ಬೀಳುತ್ತದೆ ಅಂದುಕೊಂಡು ಬೀಳದ ರೆಕ್ಕೆಗೆ ಇವರು ಕಾಲು ಒತ್ತುತ್ತಾರೆ. ಆಗ ಏರಿಯ ಮೇಲೆ ಹತ್ತಡಿ ಎತ್ತರದಲ್ಲಿ ವಿಮಾನ ಬಲಕ್ಕೆ ತಿರುಗಿ ವಾಲುತ್ತದೆ. ಸರಿ ಮಾಡಿ ಮುಚ್ಚಿಟ್ಟರೂ ಅವರ ಜೀವಕ್ಕೇ ಬರುತ್ತದೆ.

ಹೋಗಿ ರೆಕ್ಕೆಯ ಬುಡದ ಮೇಲೆ ಹತ್ತಿ ನಿಂತೆ. “ಸಾಹೇಬ್ರ, ಆ ಕಾಲು ತಗೀರಿ. ತಪ್ಪು ನಂದದ,” ಅಂದೆ. ಎಲ್ಲಾ ಹೇಳಿದೆ. ಕಂಬಾರನ ಬೆರಳಿನದು ಹೇಳಿದೆ, ಆಮೇಲೆ ನನ್ನ ಸಹಿಯದು ಹೇಳಿದೆ. ಅವರು ಪೆಡಲಿನಿಂದ ಕಾಲು ತೆಗೆದರು.

“ನಾ ಮೂರು ಸಲ ಬಿದ್ದೆ ಮ್ಯಾಲ,” ಅಂದರು. “ಮೂರು ಸಲಾನೂ ನನ್ನ ಕೈದೇ ತಪ್ಪು ಅನ್ಕೊಂಡೆ. ವಯಸ್ಸಾತು, ಕೈ ನಡಗಾಕತ್ಯಾವು ಅಂತ. ಮನ್ಯಾಗ ಯಾರಿಗೂ ಹೇಳಿಲ್ಲ.”

ನನಗೆ ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಬರದ ಇಡ್ರಿ,” ಅಂದರು. “ಇದ್ದದ್ದು ಇದ್ದಂಗ.”

ವಿಮಾನದ ಲಾಗ್ ಪುಸ್ತಕದಲ್ಲಿ ಬರೆದೆ: ಅಳೆಯದೆ ಸಹಿ ಮಾಡಲಾಗಿತ್ತು. ಶಹಾಪುರದಿಂದ ಫೋನ್ ಮಾಡಿದಾಗ ಹೆಡ್ಡಾಫೀಸಿನವರು, ಬರೆಯುವುದಕ್ಕೆ ಮೊದಲು ನಮ್ಮನ್ನು ಕೇಳಬಾರದಿತ್ತೇ ಅಂದರು. ಬರೆದಾಗಿದೆ ಅಂದೆ. ಅದರ ಫಲ ಮುಂದೆ ಉಂಡೆ, ಆರು ತಿಂಗಳು ಸಹಿ ಹಾಕುವ ಅಧಿಕಾರ ಇರಲಿಲ್ಲ.

ಹಲ್ಲು ಕೀಳುವುದು ಹಚ್ಚುವುದಕ್ಕಿಂತ ಕಷ್ಟ. ಚಾಕು ಹಾಕಿದರೆ ರೆಕ್ಕೆಯ ತಗಡಿಗೆ ಗೀರು ಬೀಳುತ್ತದೆ. ಕಂಬಾರ ತಾನೇ ತಿಂಥಣಿಗೆ ಹೋಗಿ ಹೊಳೆಯಲ್ಲಿ ಮೀನು ಹಿಡಿಯುವವರಿಂದ ಗಾಳದ ನೈಲಾನ್ ದಾರ ತಂದ. ಬಿಸಿನೀರಿನ ಬಟ್ಟೆ ಇಟ್ಟು, ಅಂಟು ಮೆತ್ತಗಾದ ಮೇಲೆ ಹಲ್ಲಿನ ಬುಡಕ್ಕೆ ದಾರ ಹಾಕಿ ಗರಗಸದಂತೆ ಎಳೆಯಬೇಕು. ಬಾತ ಕೈಯಲ್ಲೇ ನಲವತ್ತೆರಡನ್ನೂ ಅವನೇ ಎಳೆದ, ಬೇರೆ ಯಾರಿಗೂ ಕೊಡಲಿಲ್ಲ. ಹೊಸದಾಗಿ ಹಚ್ಚುವಾಗ ಪ್ರತಿಯೊಂದಕ್ಕೂ ನಾನು ಸ್ಕೇಲು ಹಿಡಿದೆ, ಆಕೆ ಅಂಕಿ ಓದಿ ಹೇಳಿದಳು, ಅವನು ಅಂಟಿಸಿದ. ಮತ್ತೊಂದು ಹಗಲು, ಮತ್ತೊಂದು ರಾತ್ರಿ ಕಾದೆವು.

ಮೂರು ಸಾವಿರ ಅಡಿಯ ಮೇಲೆ ಈ ಸಲ ಚುಕ್ಕಿ ಯಾವ ಕಡೆಯೂ ವಾಲಲಿಲ್ಲ. ಮೂತಿ ತಗ್ಗಿಸಿ ನೆಟ್ಟಗೆ ಇಳಿಯಿತು. ಐವತ್ತೆರಡು ಮೈಲಿ. ಆಮೇಲೆ ಟ್ಯಾಂಕಿಗೆ ಔಷಧದ ಬದಲು ಬರೀ ನೀರು ತುಂಬಿ, ಕಾಲುಭಾಗ, ಅರ್ಧ, ಮುಕ್ಕಾಲು ಅಂತ ಏರಿಸುತ್ತಾ ಹೋದೆವು. ಇನ್ನೂರ ಐವತ್ತು ಮೀಟರಿಗೆ ಸುಣ್ಣದ ಗೆರೆ ಎಳೆದಿದ್ದೆ. ಬಾಲ ಮೇಲೆದ್ದು ಚಕ್ರ ಹಗುರಾಗುವುದು ಆ ಗೆರೆಯೊಳಗೆ ಆಗದಿದ್ದರೆ ಬ್ರೇಕ್ ಹಾಕಬೇಕು. ಮುಕ್ಕಾಲಿನವರೆಗೂ ತೊಂದರೆಯಾಗಲಿಲ್ಲ. ಪೂರ್ತಿ ಟ್ಯಾಂಕಿನ ದಿನ ಪರವಾನಗಿಯ ಕೊನೆಯ ದಿನವೂ ಆಗಿತ್ತು.

ಸಾಹೇಬರು ಬೆಲ್ಟು ಬಿಗಿದುಕೊಂಡು ನನ್ನನ್ನು ಹತ್ತಿರ ಕರೆದರು. “ನೀವು ಇಲ್ಲಿ ನಿಂದರಬ್ಯಾಡ್ರಿ. ಆ ತುದೀಗ ಹೋಗ್ರಿ, ಏರಿ ಮ್ಯಾಲ, ನಟ್ಟನಡುವ. ನಾ ನಿಮ್ಮನ್ನ ನೋಡ್ಕೋತ ಬರ್ತೇನಿ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಹೂಂ ಅಂದೆ.

ನಾನೂರ ಮೂವತ್ತು ಮೀಟರ್ ನಡೆಯುವುದು ಅಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಏರಿ ಹತ್ತಿ ನಿಂತರೆ ಬೆನ್ನ ಹಿಂದೆ ನೀರು ಹರಿಯುವ ಸದ್ದು. ನೋಡಿದರೆ ಕಂಬಾರನ ಹೆಂಡತಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿ ಬರುತ್ತಿದ್ದಾಳೆ.

“ಅಕ್ಕಾ, ನೀ ಯಾಕ ಬಂದಿ? ಕೆಳಗ ಹೋಗು.”

“ಒಂದು ರೆಕ್ಕಿ ನಂದು ಅದಲ್ಲ,” ಅಂದಳು. ನನ್ನ ಪಕ್ಕ ಬಂದು ನಿಂತಳು.

ದೂರದಲ್ಲಿ ಇಂಜಿನ್ ಗರ್ಜಿಸಿತು. ಬಾಲ ಎದ್ದಿತು. ಗೆರೆ ಬಂತು, ಚಕ್ರಗಳು ಪುಟಿಯುತ್ತಿದ್ದವು, ಬ್ರೇಕ್ ಹಾಕಲಿಲ್ಲ. ಇನ್ನೂ ನೆಲದ ಮೇಲೇ ಇದೆ, ಇನ್ನೂ ಇದೆ. ಪ್ರೊಪೆಲ್ಲರಿನ ಬಿಲ್ಲೆ ದೊಡ್ಡದಾಗುತ್ತಾ ಬಂತು, ಅದರ ಹಿಂದೆ ಸಾಹೇಬರ ಹೆಲ್ಮೆಟ್. ಅಷ್ಟೇ ನನಗೆ ನೆನಪಿರುವುದು. ಸದ್ದು ನೆತ್ತಿಯ ಮೇಲಿಂದ ಹಾದುಹೋಯಿತು, ಬೆನ್ನಿಗೆ ಟ್ಯಾಂಕಿನಿಂದ ಸೋರಿದ ನೀರಿನ ಹನಿ ತಣ್ಣಗೆ ಬಿದ್ದವು. ಕಣ್ಣು ತೆರೆದಾಗ ನಾನು ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದೆ. ಆಕೆ ನಿಂತೇ ಇದ್ದಳು. ತಿರುಗಿ ನಿಂತು, ಕಾಲುವೆಯ ಆಚೆ ಹತ್ತಿಹೊಲಗಳ ಮೇಲೆ ಏರುತ್ತಿದ್ದ ವಿಮಾನವನ್ನು ನೋಡುತ್ತಿದ್ದಳು. ರೆಕ್ಕೆಗಳೆರಡೂ ಸಮನಾಗಿದ್ದವು.

ಸಾಹೇಬರು ಒಂದು ಸುತ್ತು ಹಾಕಿ, ನೀರು ಚೆಲ್ಲಿ, ಇನ್ನೂರು ಮೀಟರಿನೊಳಗೆ ಇಳಿಸಿ ನಿಲ್ಲಿಸಿದರು. ಅಧಿಕಾರಿಗಳು ಓಡಿಬಂದು ಕೈ ಕುಲುಕಿದರು. ಅವರನ್ನು ದಾಟಿಕೊಂಡು ಸಾಹೇಬರು ನನ್ನ ಹತ್ತಿರ ಬಂದರು.

“ಏರಿ ಮ್ಯಾಲ ಒಬ್ಬಾಕಿ ಕಂಡ್ಳು. ನೀವು ಕಾಣಲಿಲ್ಲ,” ಅಂದರು. “ನಿಂತಿದ್ರ್ಯಾ?”

ಬಿಸಿಲು ಕಣ್ಣಿಗೆ ಹೊಡೆಯಿತು, ನೀವು ನೋಡಿರಲಿಕ್ಕಿಲ್ಲ ಅನ್ನಬಹುದಿತ್ತು. ಆಕೆ ಅಲ್ಲೇ ಹತ್ತಿರದಲ್ಲಿ ಸೆರಗಿನಿಂದ ಮುಖದ ನೀರು ಒರೆಸಿಕೊಳ್ಳುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

“ಇಲ್ರಿ,” ಅಂದೆ. “ಕುಂತಿದ್ದೆ.”